ರೂಪಕಾಲಂಕಾರ ತೋಡಿದ ಗುಂಡಿ

ಫೋನಿನ ಗಾಜನ್ನು ಅಂಗಿಯ ಅಂಚಿನಿಂದ ಒರೆಸುವುದು ನನ್ನ ಹಳೆಯ ಚಟ. ಕನ್ನಡಕ ಒರೆಸುತ್ತಿದ್ದ ಕೈಗೆ ಇನ್ನೊಂದು ಗಾಜು ಸಿಕ್ಕಿತಷ್ಟೆ. ಆ ಸೋಮವಾರವೂ ಹಾಗೆ ಒರೆಸಿಕೊಳ್ಳುತ್ತ, ಚನ್ನರಾಯನದುರ್ಗದ ಬೆಟ್ಟದ ಆಚೆ ಮಗ್ಗುಲಿನ ಪಾಳು ಮಠದ ಮುಂದೆ ನಿಂತಿದ್ದೆ. ಮಠವೆಂದರೆ ನೀವು ದಾಸೋಹ, ಗಂಟೆ ಎಂದೆಲ್ಲ ಊಹಿಸಬೇಡಿ ಮಿತ್ರರೇ. ಸೂರು ಯಾವ ಕಾಲಕ್ಕೋ ಕುಸಿದು, ನಾಲ್ಕು ಕಂಬ, ಒಂದು ಒರಳು, ನಡುವೆ ಹೆಸರೂ ಮರೆತುಹೋದ ಒಬ್ಬ ಗುರುವಿನ ಸಮಾಧಿಯ ಗದ್ದಿಗೆ, ಇಷ್ಟೇ ಉಳಿದಿದ್ದವು. ಆ ಗದ್ದಿಗೆಗೆ ಸೋಮವಾರ ಸೋಮವಾರ ದೀಪ ಹಚ್ಚುವವಳು ಬೆಟ್ಟದ ಕೆಳಗಿನ ಊರಿನ ಗೌರಮ್ಮ. ಅವಳಿಗೆ ಮುಂಚೆ ಅವಳ ಅತ್ತೆ ಹಚ್ಚುತ್ತಿದ್ದಳಂತೆ, ಅತ್ತೆಗೆ ಮುಂಚೆ ಅತ್ತೆಯ ಅತ್ತೆ.

"ತಡೀರಿ ಮೇಷ್ಟ್ರೇ, ಅಜ್ಜಯ್ಯನ ಮೊಕ ಒರುಸ್ತೀನಿ, ಆಮ್ಯಾಲೆ ಪೋಟ ಹಿಡೀರಿ" ಎಂದು ಅವಳು ಸೆರಗಿನಿಂದ ಕಲ್ಲಿನ ಧೂಳು ತೆಗೆದಳು.

ಚಿತ್ರ ಚೆನ್ನಾಗಿಯೇ ಬಂತು. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ಮೂವತ್ತು ವರ್ಷ ಕೊರಟಗೆರೆ, ಮಧುಗಿರಿಯ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸಿದವನು ನಾನು. ಅಲಂಕಾರವಿಲ್ಲದೆ ಉಪ್ಪಿಟ್ಟನ್ನೂ ಹೊಗಳಲಾರೆ. ಚಿತ್ರದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ಈ ಗದ್ದಿಗೆಯ ಕೆಳಗೆ ನಮ್ಮ ನಾಡಿನ ನಿಧಿ ಮಲಗಿದೆ' ಎಂದು ಬರೆದು, ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಿಟ್ಟೆ. ಗುರುವೇ ನಿಧಿ, ಅಪ್ಪಟ ರೂಪಕ! ಚಪ್ಪಾಳೆಯ ಚಿತ್ರಗಳು ಸುರಿದವು, ನಾನು ಉಬ್ಬಿದೆ. ಅಲ್ಲಿಂದ ಅದು ಶಿರಾಕ್ಕೆ ಹೋಯಿತೋ, ಪಾವಗಡಕ್ಕೆ ಹೋಯಿತೋ, ಯಾರ್ಯಾರ ಕೈ ಸೇರಿತೋ ವಿಚಾರಿಸಲಿಲ್ಲ.

ಮೂರು ವಾರ ಬಿಟ್ಟು ಹೋದರೆ ಗದ್ದಿಗೆಯೇ ಇಲ್ಲ! ಕಲ್ಲು ಮೂರು ಹೋಳಾಗಿ ಅತ್ತ ಬಿದ್ದಿದೆ. ಅದಿದ್ದ ಜಾಗದಲ್ಲಿ ಆಳುದ್ದದ ಗುಂಡಿ, ಪಕ್ಕದಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣು, ಒಡೆದ ತೆಂಗಿನಕಾಯಿ. ನಿಧಿ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಸೀಮೆಯಲ್ಲಿ ಕೆಲವರ ಕೈ ಹಾರೆ, ಗುದ್ದಲಿ ಹುಡುಕುತ್ತದೆಂದು ನನಗೇನು ತಿಳಿಯದೇ? ಪಾಳು ಕೋಟೆ ಕೊತ್ತಲಗಳಲ್ಲಿ ಇಂಥ ಗುಂಡಿಗಳನ್ನು ನೋಡಿಕೊಂಡೇ ಬೆಳೆದವನು. ತಿಳಿದೂ ಬರೆದೆ, ಮಾತು ಚೆಂದವಾಗಿ ಕೇಳುತ್ತದೆಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಎಷ್ಟು ತರಗತಿಗಳಿಗೆ ವಿಸ್ತರಿಸಿ ಬರೆಸಿದ್ದೆನೋ. ಅಲ್ಲಿದ್ದ ಒರಳಿನ ಮೇಲೆ ಕುಕ್ಕರಿಸಿದೆ.

ಗೌರಮ್ಮ ಗುಂಡಿಯ ದಡದಲ್ಲಿ ಎಣ್ಣೆಬತ್ತಿ ಹಿಡಿದು ಕೂತಿದ್ದಳು. "ದೀಪ ಎಲ್ಲಿಕ್ಲಿ ಮೇಷ್ಟ್ರೇ? ಯಾವ್ ಹಾಳಾದೋನು ಹೇಳುದ್ನೋ ಇಲ್ಲಿ ನಿಧಿ ಐತೆ ಅಂತ, ಅವ್ನ ಬಾಯಿಗೆ ಮಣ್ಣಾಕ!" ಎಂದಳು. ನನ್ನತ್ತ ತಿರುಗಿ, "ನಿಮ್ ಪೋನ್ನಾಗೆ ಅಜ್ಜಯ್ಯ ಅವ್ನಲ್ವಾ? ಒಸಿ ತೋರ್ಸಿ" ಎಂದು ಕೈ ಚಾಚಿದಳು.

ಚಿತ್ರ ತೆರೆದು ಕೊಟ್ಟೆ. ಅಂದು ಕಲ್ಲನ್ನು ಒರೆಸಿದಷ್ಟೇ ಜತನದಿಂದ ಇಂದು ಫೋನಿನ ಗಾಜನ್ನು ಸೆರಗಿನಿಂದ ಒರೆಸಿ, ಹಣೆಗೆ ಒತ್ತಿಕೊಂಡಳು. ಆಮೇಲೆ ಅದರ ಮೇಲೆ ಬೆರಳಿಟ್ಟು ಕೇಳಿದಳು:

"ಅಜ್ಜಯ್ಯನ ತಲೆ ಮ್ಯಾಲೆ ಏನೋ ಬರ್ದೈತಲ್ಲ, ಮಂತ್ರಾನಾ? ನಂಗೆ ಓದಕ್ ಬರಾಕಿಲ್ಲ. ನೀವೇ ಓದಿ."

ಅಭ್ಯಾಸಬಲದಿಂದ ಕೈ ಅಂಗಿಯ ಅಂಚಿಗೆ ಹೋಯಿತು. ಆದರೆ ಗಾಜು ಆಗಲೇ ಶುಭ್ರವಾಗಿತ್ತು, ನನಗೆ ಒರೆಸಲು ಏನೂ ಉಳಿದಿರಲಿಲ್ಲ. ಅಲಂಕಾರ ಬಿಡಿಸಿ ಹೇಳಲು ಹೋಗಲಿಲ್ಲ. ಬರೆದದ್ದನ್ನು ಬರೆದ ಹಾಗೆಯೇ, ಗಟ್ಟಿಯಾಗಿ ಓದಿದೆ.