ಹಬ್ಬದ ಮುನ್ನಾದಿನದ ಇಂಜೆಕ್ಷನ್

ಹಣೆಯ ಗೆರೆಗಳಿಗೆ ಬೊಟಾಕ್ಸ್ ಹಾಕಿಸಿಕೊಂಡೆ ಎಂದು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ. ಸಿನಿಮಾದವರ ಇಂಥ ಸುದ್ದಿ ಓದಿ, ಇವರಿಗೆ ಬೇರೆ ಕೆಲಸವಿಲ್ಲ ಎಂದು ಗೊಣಗುತ್ತಿದ್ದವಳೂ ನಾನೇ. ಆದರೆ ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನ ನಮ್ಮ ಆಫೀಸಿನಲ್ಲಿ ಮೀಟಿಂಗ್ ಇದ್ದಾಗೆಲ್ಲ ಯಾರಾದರೊಬ್ಬರು "ಸುಸ್ತಾಗಿದೆಯಾ?" ಎಂದು ಕೇಳತೊಡಗಿದ್ದರು. ಸುಸ್ತೂ ಇಲ್ಲ, ಗಿಸ್ತೂ ಇಲ್ಲ. ವಯಸ್ಸು ಐವತ್ತರ ಹತ್ತಿರ ಬಂದಿತ್ತು, ಅಷ್ಟೇ. ಲ್ಯಾಪ್‌ಟಾಪ್ ಪರದೆಯಲ್ಲಿ ಹೊಸ ಹುಡುಗಿಯರ ನಡುವೆ ನನ್ನ ಮುಖ ಕಂಡರೆ ಸಿಟ್ಟು ಬರುತ್ತಿತ್ತು. ಅವರ ಮೇಲಲ್ಲ, ನನ್ನ ಹಣೆಯ ಮೇಲೆ.

ಮ್ಯೂನಿಕ್‌ನ ಒಂದು ಕ್ಲಿನಿಕ್ಕಿನಲ್ಲಿ ಟರ್ಮೀನ್, ಅಂದರೆ ಅಪಾಯಿಂಟ್‌ಮೆಂಟ್, ಸಿಕ್ಕಿತು. ಇಲ್ಲಿ ಟರ್ಮೀನ್ ಒಮ್ಮೆ ಬಿಟ್ಟರೆ ಮತ್ತೆ ಸಿಗುವುದು ಯಾವ ಕಾಲಕ್ಕೋ ಎಂದು, ಪಂಚಾಂಗವನ್ನೂ ನೋಡದೆ ಒಪ್ಪಿಕೊಂಡೆ. ಉಡುಪಿಯಿಂದ ಬಂದ ಅಮ್ಮ ಆಗ ನಮ್ಮ ಜೊತೆಗಿದ್ದಳು. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಅವಳಿಗೆ ಸುಳ್ಳು ಹೇಳಿ ಹೊರಟೆ. ಸೂಜಿ ಚುಚ್ಚಿದ ಡಾಕ್ಟರಮ್ಮ ಎಚ್ಚರಿಸಿದಳು: ನಾಳೆ ಸಂಜೆಯವರೆಗೆ ಹಣೆ ಒತ್ತಬೇಡಿ, ತಿಕ್ಕಬೇಡಿ, ಔಷಧಿ ಬೇರೆ ಕಡೆ ಹರಡಬಹುದು. ನನ್ನ ಹಣೆಯನ್ನು ಯಾರು ಒತ್ತುತ್ತಾರೆ ಎಂದು ಮನಸ್ಸಿನಲ್ಲೇ ನಕ್ಕು ಎಸ್-ಬಾನ್ ರೈಲು ಹತ್ತಿದೆ.

ಮನೆಗೆ ಬಂದರೆ ಅಮ್ಮ ಬಾತ್‌ರೂಮಿನ ಬಕೆಟ್ ತೊಳೆದು, ನೀರು ತುಂಬಿಸಿ, ಅದಕ್ಕೊಂದು ಹೂವಿನ ಮಾಲೆ ಸುತ್ತಿದ್ದಳು. ನೀರು ತುಂಬುವ ಹಬ್ಬ! ಬೆಳಗಾದರೆ ನರಕ ಚತುರ್ದಶಿಯ ಎಣ್ಣೆಸ್ನಾನ. ಡಾಕ್ಟರಮ್ಮನ ಎಚ್ಚರಿಕೆ ಆಗ ನೆನಪಾಯಿತು.

ಬೆಳಿಗ್ಗೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಬೆಚ್ಚಗಿನ ಎಣ್ಣೆಯನ್ನು ನೆತ್ತಿಗೆ ತಟ್ಟಿದಳು.

"ತಲೆಗೆ ಮಾತ್ರ ಸಾಕಮ್ಮ," ಎಂದೆ.

"ಸುಮ್ನೆ ಕೂತ್ಕೊ ಮಾರಾಯ್ತಿ. ಆ ಕಂಪ್ಯೂಟರ್ ನೋಡಿ ನೋಡಿ ಹಣೆ ಕಲ್ಲಾಗಿ ಉಂಟು," ಎಂದವಳೇ ಎರಡೂ ಹೆಬ್ಬೆರಳುಗಳಿಂದ ಹುಬ್ಬಿನವರೆಗೆ ಒತ್ತಿ ಒತ್ತಿ ತಿಕ್ಕಿದಳು. ಬೇಡವೆನ್ನಲು ಕಾರಣ ಹೇಳಬೇಕಿತ್ತು. ಕಣ್ಣು ಮುಚ್ಚಿ ತಲೆ ಕೊಟ್ಟೆ. ಅವಳ ಕೈ ಎಷ್ಟು ಹಿತವಾಗಿತ್ತೆಂದರೆ ನನಗೆ ಅಳು ಬಂತು.

ಕೆಲವು ದಿನಗಳಲ್ಲಿ ಗೆರೆಗಳೇನೋ ಮಾಯವಾದವು. ಜೊತೆಗೆ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದು ನಿಂತಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಕಾಫಿ ಲೋಟ ಕೊಡಲು ಬಂದ ಅಮ್ಮ ನನ್ನ ಮುಖ ನೋಡಿ ನಿಂತುಬಿಟ್ಟಳು. "ಅಯ್ಯೋ ದೇವರೇ, ನನ್ನ ಕೈ ಜೋರಾಯ್ತು. ಎಂತದೋ ನರ ಒತ್ತಿ ಹಾಕಿದೆ ನಾನು."

"ಹಾಗೆಂತದೂ ಇಲ್ಲಮ್ಮ, ನಿದ್ದೆ ಸರಿಯಾಗ್ಲಿಲ್ಲ," ಎಂದೆ.

ಅವಳು ನಂಬಲಿಲ್ಲ. ದೇವರ ಮುಂದೆ ಕೂತು ತನ್ನ ಕೈಗೆ ತಾನೇ ಹೊಡೆದುಕೊಳ್ಳುವುದನ್ನು ಬಾಗಿಲ ಸಂದಿಯಿಂದ ಕಂಡೆ. ಆಗಲೂ ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು! ಆ ಬೆಳಿಗ್ಗೆಯೇ ನಿಜ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು.

ಕೊನೆಗೆ ಅವಳ ಒತ್ತಾಯಕ್ಕೆ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆವು. ಅವಳೂ ಬಂದಳು, ಹದಿಮೂರು ವರ್ಷದ ನನ್ನ ಮಗಳೂ ಬಂದಳು. ಡಾಕ್ಟರು ಹಣೆಯನ್ನು ನೋಡಿದ್ದೇ ತಡ, ಬೊಟಾಕ್ಸ್ ಯಾವಾಗ ಹಾಕಿಸಿದಿರಿ ಎಂದು ಜರ್ಮನ್‌ನಲ್ಲಿ ಕೇಳಿದರು. ನಾನು ಮೆಲ್ಲಗೆ ಉತ್ತರ ಕೊಟ್ಟೆ. ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ ಎಂದರು.

"ಎಂತ ಹೇಳಿದ್ರು?" ಅಮ್ಮ ನನ್ನ ತೋಳು ಹಿಡಿದಳು.

"ಸುಸ್ತಿಗೆ ಹೀಗಾಗ್ತದಂತೆ."

"ನೈನ್, ಮಾಮಾ!" ಅಲ್ಲಮ್ಮಾ, ಸುಳ್ಳು ಎಂದು ಮಗಳು ಸಿಡುಕಿದಳು. ಮನೆಯಲ್ಲಿ ಜರ್ಮನ್‌ನಲ್ಲೇ ಉತ್ತರ ಕೊಡುವ ಹುಡುಗಿ, ಅಜ್ಜಿಗಾಗಿ ಕನ್ನಡವನ್ನು ಹುಡುಕಿ ಹುಡುಕಿ ಜೋಡಿಸಿದಳು. "ಅಜ್ಜಿ, ನಿಮ್ದು ತಪ್ಪು ಇಲ್ಲ. ಅಮ್ಮ ಇಲ್ಲಿ, ಹಣೆಗೆ, ಇಂಜೆಕ್ಷನ್ ತಗೊಂಡಿದ್ದಾಳೆ. ಯಂಗ್ ಕಾಣ್ಲಿಕ್ಕೆ."

ಮಗಳು ನಿಜ ಹೇಳಿದ್ದಳು, ನಾನು ಮೈ ಹಿಡಿ ಮಾಡಿಕೊಂಡು ಕೂತಿದ್ದೆ. ಅಮ್ಮ ಬೈಯುತ್ತಾಳೆಂದು ದಾರಿಯುದ್ದಕ್ಕೂ ಕಾದೆ. ಬಸ್ಸಿನಲ್ಲಿ ಅವಳು ಕೇಳಿದ್ದು ಇಷ್ಟೇ: "ಚುಚ್ಚುವಾಗ ನೋವಾಯ್ತಾ?"

ಅವಳು ಊರಿಗೆ ಹೊರಡುವ ದಿನಕ್ಕೆ ರೆಪ್ಪೆ ಇನ್ನೂ ಪೂರ್ತಿ ಎದ್ದಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಕಾಲಿಗೆ ನಮಸ್ಕಾರ ಮಾಡಿ ಎದ್ದೆ. ಹರಸಲೆಂದು ಎತ್ತಿದ ಅಮ್ಮನ ಕೈ ನನ್ನ ಹಣೆಯ ಹತ್ತಿರ ಬಂದು ನಿಂತಿತು.

"ಈಗ ಮುಟ್ಬಹುದಾ?" ಎಂದು ಕೇಳಿದಳು.