ಶನಿವಾರದ ಎಕ್ಕಿ ಎಲಿ ಮಾಲಿ

ಕೇಳ್ರೆಪಾ, ಪಾತರಗಿತ್ತಿ ಬರ್ಲಿ ಅಂತ ಅಥಣಿ ರಸ್ತೆ ಕಡೆ ನಮ್ಮ ಮನಿ ಮುಂದ ಎಕ್ಕಿ ಗಿಡ ಬೆಳಸೇನಿ. ಎಲಿ ಕೆಳಗ ಒಂದ ಹಸಿರು ಗೂಡು ಜೋತುಬಿದ್ದಿತ್ತು, ಇವತ್ತೋ ನಾಳೆನೋ ಪಾತರಗಿತ್ತಿ ಹೊರಗ ಬರೂದಿತ್ತು. ಮುಂಜಾನೆದ್ದು ನೋಡಿದ್ರ ಗಿಡ ಬೋಳು!

ಬಾಜೂ ಮನಿ ಶಾಂತಕ್ಕ ಅಂದ್ಲು, "ಶನಿವಾರಲ್ಲೇನ್ರಿ, ಹನುಮಪ್ಪಗ ಎಲಿ ಮಾಲಿ ಹಾಕಿ ಬಂದೆ. ನಿಮಗೂ ಒಂದೀಟು ಭಕ್ತಿ ಕೊಡ್ಲಿ ಅಂತ ಬೇಡಿಕೊಂಡೇನಿ."

ಗುಡಿಗೆ ಓಡಿದೆ. ಮಾಲಿಯೊಳಗ ಗೂಡು ಹಂಗ ಐತಿ! "ಪೂಜಾರಪ್ಪಾ, ಈ ಮಾಲಿ ನಾಳೆ ತಗೀಬ್ಯಾಡ್ರಿ."

"ಯಾಕ್ರಿ, ಹರಕಿ ಐತೇನು?"

ಟಿಕೋಟಾದಾಗ ನಮ್ಮವ್ವನ ಹೊಲದ ಬದುವಿನ ಮ್ಯಾಲೆ ಹಿಂಡ ಹಿಂಡ ಹಾರತಿದ್ದ ಕೇಸರಿ ಪಾತರಗಿತ್ತಿ ಕಣ್ಣ ಮುಂದ ಬಂದ್ವು. ದ್ರಾಕ್ಷಿಗೆ ಔಷಧಿ ಹೊಡ್ಯಾಕ ಹತ್ತಿದ ಮ್ಯಾಲೆ ಅಲ್ಲಿ ಒಂದೂ ಕಂಡಿಲ್ಲ.

"ಐತ್ರಿ" ಅಂದೆ.

ಹನುಮಪ್ಪನ ಕೊರಳ ನೋಡ್ಕೋತ ಗುಡಿಯಾಗ ಕುಂತೇನಿ. ಶಾಂತಕ್ಕ ಓಣಿಗೆಲ್ಲಾ ಹೇಳಾಕತ್ತಾಳಂತ: "ಬಂತು ನೋಡ್ರಿ ಭಕ್ತಿ!"