ಯಾರಿಗೂ ತೋರಿಸದ ಹಗೇವು

ಮೊನ್ನೆ ಮೊಮ್ಮಗ ಊಟಕ್ಕೆ ಕೂತಾಗ ಅವನ ಕೈಯಿಂದ ಡೀಸೆಲ್ಲೂ ಹಳೇ ಗ್ರೀಸೂ ಬೆರೆತ ವಾಸನೆ ಬಂತು. ಕಾರು ಹಳ್ಳಕ್ಕೆ ಇಳಿದಾಗಲೆಲ್ಲ ಲೊಟಲೊಟ ಅನ್ನುತ್ತದಂತೆ, ಷಾಕ್ ಅಬ್ಸಾರ್ಬರ್ ಮನೆಯಲ್ಲೇ ಬದಲಾಯಿಸುತ್ತಾನಂತೆ. ಸೋಪು ಹಾಕಿ ತೊಳೆದರೂ ಹೋಗದ ಆ ವಾಸನೆ ನನ್ನನ್ನು ಗೌಡಗೆರೆ ಕಡೆಯ ನಮ್ಮ ಹಳೆಯ ಮನೆಗೆ ಕರೆದುಕೊಂಡು ಹೋಯಿತು... ಎದುರಿಗೆ ಕೂತು ಹೇಳುವುದು ನನಗೆ ಎಂದೂ ಬರಲಿಲ್ಲ. ಅದಕ್ಕೇ ಮಕ್ಕಳೇ, ಬರೆಯುತ್ತಿದ್ದೇನೆ.

ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮ ಹಿತ್ತಿಲ ಕೋಣೆಯಲ್ಲಿ ಗಂಡ ಹೆಂಡತಿ ಬಾಡಿಗೆಗಿದ್ದರು. ಗಂಡನಿಗೆ ಒಂದು ಹಳೇ ಅಂಬಾಸಿಡರ್ ಇತ್ತು. ಹೆರಿಗೆಯವರನ್ನು ಸಿರಾಕ್ಕೆ, ಹರಕೆಯವರನ್ನು ಸಿದ್ದರಬೆಟ್ಟಕ್ಕೆ ಕರೆದೊಯ್ಯುತ್ತಿದ್ದರು. ಊರಿಗೆಲ್ಲ ಅವರು ಡ್ರೈವರ್, ನನಗೆ ಡ್ರೈವರಣ್ಣ. ನಾನು ತಲೆ ಎತ್ತಿ ಮಾತಾಡದಿದ್ದರೂ, ಸಿರಾದಿಂದ ಬರುವಾಗ ಹೂವು ತಂದರೆ ಹೆಂಡತಿಗೆ ಒಂದು ಮೊಳ, ನನಗೊಂದು ಮೊಳ.

ನಮ್ಮ ರಸ್ತೆಗಳಿಗೆ ಆ ಕಾರಿನ ಹಿಂಗಾಲಿಯ ಮೇಲಿನ ಸ್ಪ್ರಿಂಗ್ ಪಟ್ಟಿಗಳು ಮುರಿಯುತ್ತಲೇ ಇದ್ದವು. ರಿಪೇರಿ ನಮ್ಮ ಅಂಗಳದಲ್ಲೇ. ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಜಾಕಿನ ಕೆಳಗೆ ಅಗಲವಾದ ಹಲಗೆ ಇಟ್ಟು ಎತ್ತುತ್ತಿದ್ದರು. ಆಮೇಲೆ ದಪ್ಪ ಹುಣಸೆ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ಕಾರಿನ ಭಾರವನ್ನು ಅದರ ಮೇಲೆ ಇಳಿಸುವುದು. ಬಿಚ್ಚಿದ ಗಾಲಿಯನ್ನೂ ಕಾರಿನಡಿಗೆ ಮಲಗಿಸಿ, ಭುಜ ಕೊಟ್ಟು ಅಲ್ಲಾಡಿಸಿ ನೋಡಿದ ಮೇಲೇ ಒಳಗೆ ತೂರುತ್ತಿದ್ದರು.

"ಕಾರ್‌ಗೆ ಎಷ್ಟು ದಿಂಬು ಕೊಡ್ತೀಯಪ್ಪ! ಕಟ್ಕೊಂಡೋಳು ಬರೀ ನೆಲದ ಮ್ಯಾಲೆ ಮಲೀಕಂತೀನಿ," ಎಂದು ಹೆಂಡತಿ ಅಣಕಿಸುತ್ತಿದ್ದಳು.

"ನೀನು ಮ್ಯಾಲೆ ಬಿದ್ರೆ ಎದ್ದೇಳ್ತೀನಿ ಕಣೇ. ಇದು ಬಿದ್ರೆ?" ಎನ್ನುತ್ತಿದ್ದರು.

ಆ ಸಲ ಅವರು ಯಾವಾಗಲೂ ಕಾರು ನಿಲ್ಲಿಸುವ ಕಡೆ ಕಡಲೆಕಾಯಿ ಒಣಹಾಕಿದ್ದೆವು. ಅದಕ್ಕೆ ಕಾರನ್ನು ದನದ ಕೊಟ್ಟಿಗೆಯ ಪಕ್ಕಕ್ಕೆ ತಂದರು. ಜಗಲಿಯ ಮೇಲೆ ಕೂತಿದ್ದ ನಮ್ಮತ್ತೆ ಕೂಗಿ ಹೇಳಿದರು: "ಅಲ್ಲಿ ಬ್ಯಾಡ ಕಣಪ್ಪ."

"ಯಾಕವ್ವ?"

"ಸುಮ್ಕೆ. ಬ್ಯಾಡ ಅಂದ್ರೆ ಬ್ಯಾಡ."

"ಎಮ್ಮೆಗೆ ದೃಷ್ಟಿ ಆಯ್ತದೇನೋ! ಇವತ್ತೊಂದಿನ ಬುಡವ್ವ," ಎಂದು ನಕ್ಕು, ಹಿಮ್ಮಡಿಯಿಂದ ನೆಲ ಗುದ್ದಿ ನೋಡಿದರು. ನೆಲ ಗಟ್ಟಿಯಿತ್ತು.

ಅಲ್ಲಿ ನಮ್ಮ ಮನೆಯ ಹಗೇವಿತ್ತು. ಹಗೇವು ಎಂದರೆ ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಗುಳಿ. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಹೊಟ್ಟೆ ದೊಡ್ಡದು. ಮೇಲೆ ಚಪ್ಪಡಿ ಮುಚ್ಚಿ, ಮಣ್ಣು ದಮ್ಮಸು ಮಾಡಿ ಸಾರಿಸಿದರೆ ಉಳಿದ ನೆಲಕ್ಕೂ ಅದಕ್ಕೂ ವ್ಯತ್ಯಾಸ ಕಾಣದು. ಕಳ್ಳರಿಗೆ ಹೆದರಿ, ಸರ್ಕಾರಕ್ಕೆಂದು ಧಾನ್ಯ ವಸೂಲಿ ಮಾಡುವ ಲೆವಿಯವರಿಗೆ ಹೆದರಿ, ಹಗೇವಿನ ಜಾಗವನ್ನು ಹೊರಗಿನವರ ಮುಂದೆ ಎತ್ತಬಾರದೆಂಬ ಕಟ್ಟು ನಮ್ಮ ಕಡೆ ಬಹಳ ಬಿಗಿ. ನಮ್ಮದು ಖಾಲಿಯಾಗಿ ಎಷ್ಟೋ ಕಾಲವಾಗಿತ್ತು. ಆದರೂ ಅತ್ತೆಯ ಬಾಯಿಂದ ಆ ಮಾತು ಹೊರಡಲಿಲ್ಲ. ಸೊಸೆಯಾದ ನನಗೇ ಗೊತ್ತಿರಲಿಲ್ಲ, ಬಾಡಿಗೆಯವರಿಗೆ ಹೇಗೆ ಗೊತ್ತಾಗಬೇಕು?

ಡ್ರೈವರಣ್ಣ ಎಂದಿನಂತೆ ಎಲ್ಲವನ್ನೂ ಮಾಡಿಯೇ ಒಳಗೆ ಹೋದರು. ಸ್ವಲ್ಪ ಹೊತ್ತು ಸುತ್ತಿಗೆ ಸದ್ದು ಕೇಳಿತು. ಆಮೇಲೆ ನೆಲದೊಳಗಿಂದ ಕಲ್ಲು ಸೀಳಿದ ಸದ್ದು... ದಿಮ್ಮಿಗಳು ಒಂದು ಪಕ್ಕಕ್ಕೆ ಕುಸಿದು ಗುಳಿಯೊಳಗೆ ಹೋದವು. ಕಾರು ಕೂತುಬಿಟ್ಟಿತು.

ಮಲಗಿಸಿದ್ದ ಗಾಲಿ ಕಾರನ್ನು ಅವರ ಎದೆಗೆ ತಾಗಲು ಬಿಡಲಿಲ್ಲ. ಎಡಗೈ ಮಾತ್ರ ಪಟ್ಟಿಯ ಕೆಳಗೆ ಸಿಕ್ಕಿತ್ತು. ನಿಮ್ಮ ತಾತ, ಓಣಿಯ ಗಂಡಸರೆಲ್ಲ ನೊಗ ಕೊಟ್ಟು ಮೀಟಿ ಎಳೆದರು. ಜೀವ ಉಳಿಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಬೆರಳುಗಳನ್ನು ತೆಗೆದರು. ಗೇರು ಹಿಡಿಯುವ ಕೈ ಅದು.

ಅವರು ಆಸ್ಪತ್ರೆಯಿಂದ ಊರಿಗೆ ಬಂದ ದಿನ ಅತ್ತೆ ಅವರ ಬಾಗಿಲಿಗೆ ಹೋಗಿ ಕೂತರು. "ಒಂದು ಮಾತು ಬಾಯ್ಬುಡ್ಲಿಲ್ಲ ಕಣಪ್ಪ ನಾನು, ಪಾಪಿಷ್ಠೆ..."

ಡ್ರೈವರಣ್ಣ ಬಟ್ಟೆ ಸುತ್ತಿದ ಕೈ ನೋಡುತ್ತಾ ಹೇಳಿದರು: "ನಮ್ಮವ್ವನೂ ಹೇಳ್ತಿರ್ಲಿಲ್ಲ ಬುಡವ್ವ. ಹಗೇವು ಯಾರು ತೋರುಸ್ತಾರೆ?"

ಅತ್ತೆಯನ್ನು ಸಮಾಧಾನ ಮಾಡಲು ಅಂದರೋ, ನಿಜಕ್ಕೂ ಹಾಗೇ ಅನ್ನಿಸಿತ್ತೋ, ನನಗೆ ಇವತ್ತಿಗೂ ತಿಳಿಯದು.

ಕಾರು ಮಾರಿ ಅವರು ಹೆಂಡತಿಯ ತವರು ಪಾವಗಡದ ಕಡೆ ಹೋದರು. ಅವರು ಹೋದ ಮೇಲೆ ಅತ್ತೆ ಒಂದು ದಿನ ಕೋಲು ಹಿಡಿದು ಅಂಗಳಕ್ಕಿಳಿದರು. ಎಲ್ಲರೆದುರು, ಕೊಟ್ಟಿಗೆಯೊಳಗೆ ಒಂದು, ಬಾವಿಯ ದಾರಿಯಲ್ಲಿ ಒಂದು ಕಡೆ ಗೀಟು ಹಾಕಿ, "ಇಲ್ಲೂ ಐತೆ, ತುಂಬ್ಸಿ," ಎಂದರು. ಮಾರನೆಯ ದಿನ ಪಕ್ಕದ ಮನೆಯ ಮುದುಕಿ ತಮ್ಮದನ್ನು ತೋರಿಸಿದರು. ಹೀಗೆ ಓಣಿಯ ಮುದುಕಿಯರೆಲ್ಲ, ಸೊಸೆಯರಿಗೂ ಒಮ್ಮೆಯೂ ಹೇಳದಿದ್ದವರು, ಒಬ್ಬೊಬ್ಬರಾಗಿ ಕೋಲು ಹಿಡಿದು ಬಂದರು. ಕಲ್ಲು ಮಣ್ಣು ಹೊಡೆಸಿ ಎಲ್ಲ ಮುಚ್ಚಿಸಿದ್ದಾಯಿತು. ಆ ಓಣಿಯಲ್ಲಿ ಈಗ ಲಾರಿ ನಿಲ್ಲಿಸಿದರೂ ನೆಲ ಜಗ್ಗುವುದಿಲ್ಲ.

ಹೋದ ತಿಂಗಳು ಪಾವಗಡದಿಂದ ಡ್ರೈವರಣ್ಣನ ಮಗಳು ಫೋನು ಮಾಡಿದ್ದಳು, ಅವಳು ನನ್ನನ್ನು ಅತ್ತೆ ಅನ್ನುತ್ತಾಳೆ. "ಅಪ್ಪ ಹೋಗ್ಬುಟ್ರು ಅತ್ತೆ. ನಿಮ್ಮೂರ್ ಮಾತು ಭಾಳ ಆಡ್ತಿದ್ರು," ಎಂದಳು. ಎಲ್ಲ ಹಗೇವು ತೋರಿಸಿದೆವು, ಎಲ್ಲವನ್ನೂ ತುಂಬಿಸಿದೆವು ಎಂದು ಅವರಿಗೆ ಯಾರೂ ಹೋಗಿ ಹೇಳಿರಲಿಲ್ಲ. ಹೇಳೋಣವೆಂದರೆ ಈಗ ಅವರಿಲ್ಲ.